ನೀಲಗಂಗವ್ವನ ಕೂಗು

ಬನವಾಸಿಯ ಆಚೆ, ವರದಾ ಹೊಳೆಯ ದಂಡೆಗೆ ಹತ್ತಿಕೊಂಡಿರುವ ಆ ಸಣ್ಣ ಊರಿನಲ್ಲಿ ಗಡಿಯಾರ ನೋಡಿ ಸಂಜೆಯಾಯಿತು ಎಂದವರು ಕಡಿಮೆ. ನೀಲಗಂಗವ್ವ ಕೂಗು ಹಾಕಿದಳೆಂದರೆ ಸಂಜೆಯಾಯಿತು ಎಂದೇ ಲೆಕ್ಕ. ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, 'ಹೊನ್ನೀ, ಕೂ...' ಎಂದು ಎಳೆದಳೆಂದರೆ ಆ ದನಿ ಅನಾನಸಿನ ಸಾಲುಗಳನ್ನು ದಾಟಿ, ಗದ್ದೆಬಯಲನ್ನು ದಾಟಿ, ಹೊಳೆಯಲ್ಲಿ ಎಮ್ಮೆ ಮೈ ತೊಳೆಯುವವರ ಕಿವಿಗೂ ಬೀಳುತ್ತಿತ್ತು. ಆ ಸೀಮೆಯಲ್ಲಿ ಒಂದೊಂದು ಮನೆಗೂ ಒಂದೊಂದು ಕೂಗು ಇದೆ; ಗದ್ದೆಯಲ್ಲಿರುವವನು ತಲೆ ಎತ್ತದೆಯೇ ಇದು ನಮ್ಮನೆಯದು, ಇದು ಆಚೆಮನೆಯದು ಎಂದು ಹೇಳುತ್ತಾನೆ. ಆದರೆ ಹೆಂಗಸೊಬ್ಬಳು ಹೀಗೆ ಗಂಟಲು ಬಿಡುವುದು ಹಿರಿಯರಿಗೆ ಸರಿ ಬರುತ್ತಿರಲಿಲ್ಲ. ಗಂಡಸರ ಗಂಟಲು ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ?

ಹಾಗಂತ ಅವಳೇನು ಆ ಗಂಟಲು ಹೊತ್ತುಕೊಂಡು ಹುಟ್ಟಿದವಳಲ್ಲ. ವೀರಪ್ಪನ ಕೈಹಿಡಿದು ಆ ಮನೆಗೆ ಬಂದಾಗ ಅವಳ ಮಾತು ಒಲೆಯ ಮುಂದೆ ಕೂತವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಸೊಸೆಯ ದನಿ ಹೊಸ್ತಿಲು ದಾಟಬಾರದು ಎನ್ನುವ ಮನೆತನ ಅದು. ಗದ್ದೆಯಲ್ಲಿರುವ ಗಂಡನನ್ನು ಊಟಕ್ಕೆ ಕರೆಯಬೇಕಾದರೂ ಅತ್ತೆಯೇ ಕೂಗಬೇಕು. ಮೊದಲು ಮಗ ಶರಣ ಹುಟ್ಟಿದ, ಬೆಳೆದ. ಅವನಿಗೆ ಕೂಗೇ ಬೇಕಾಗಲಿಲ್ಲ. ಹಸಿವಾದರೆ ತಾನೇ ಬಂದು ತಾಟಿನ ಮುಂದೆ ಕೂರುತ್ತಿದ್ದ. ಗಂಟಲು ಬಂದದ್ದು ಎರಡನೆಯವಳಿಂದ, ಹೊನ್ನಿಯಿಂದ.

ಹೊನ್ನಿ ತಡವಾಗಿ ನಡೆದಳು, ಇನ್ನೂ ತಡವಾಗಿ ಮಾತಾಡಿದಳು. ಮಾತೆಂದರೂ ಎಷ್ಟು? ಅವ್ವ, ಉಣ್ಣು, ಬ್ಯಾಡ. ಇಷ್ಟರಲ್ಲೇ ಅವಳ ಪ್ರಪಂಚ ಮುಗಿಯುತ್ತಿತ್ತು. ವೀರಪ್ಪ ಹರಕೆ ಹೊತ್ತ, ತಾಯಿತ ಕಟ್ಟಿಸಿದ, ಕಡೆಗೆ ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೂ ತೋರಿಸಿದ. ಮೈ ಬೆಳೆಯುತ್ತದೆ, ಬುದ್ಧಿ ಅಷ್ಟಕ್ಕಷ್ಟೇ ಎಂದು ಅವರು ಕೈತೊಳೆದುಕೊಂಡರು. ಮಗಳು ಮೈನೆರೆಯುವ ಹೊತ್ತಿಗೆ ವೀರಪ್ಪನೂ ಎದೆನೋವೆಂದು ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ. ಊರಿನವರಿಗೆ ಹೊನ್ನಿ ಒಂದು ಪೆದ್ದಿ, ಅಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವವರು ಎನ್ನಲಿ, ಆ ಹುಡುಗಿ ನಕ್ಕಾಗ ಮಾತ್ರ ನಿಜಕ್ಕೂ ನಿಂತು ನೋಡುವ ಹಾಗಿತ್ತು.

ಅವಳಿಗೆ ಒಂದು ವಿಷಯ ಮಾತ್ರ ಪಕ್ಕಾ ಗೊತ್ತಿತ್ತು. ಅವ್ವ ಕೂಗಿದರೆ ಓಡಿಬರಬೇಕು. ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಆ ಕೂ ಕಿವಿಗೆ ಬಿತ್ತೆಂದರೆ ಲಂಗವನ್ನು ಮುದ್ದೆ ಮಾಡಿ ಹಿಡಿದುಕೊಂಡು, ಬದುವೋ ಬೇಲಿಯೋ ನೋಡದೆ ಓಡಿಬರುತ್ತಿದ್ದಳು. ಬೇರೆ ಯಾರು ಕೂಗಿದರೂ ಕಲ್ಲಿನ ಹಾಗೆ ಕೂತಿರುತ್ತಿದ್ದಳು. ಅಣ್ಣ ಶರಣ ಕೂಗಿದರೂ ಇಲ್ಲ, ದೊಡ್ಡಪ್ಪ ಅಂದಾನಪ್ಪ ಗದರಿದರೂ ಇಲ್ಲ.

ಒಮ್ಮೆ ನೀಲಗಂಗವ್ವ ತವರಿನ ಕಡೆ ಯಾರೋ ತೀರಿಕೊಂಡರೆಂದು ಮಣ್ಣಿಗೆ ಹೋಗಿದ್ದಳು. ಆ ದಿನ ಹೊನ್ನಿ ಕಾಣೆಯಾದಳು. ಇಡೀ ಊರು ಹುಡುಕಿತು. ಗಂಡಸರು ಹೊಳೆಗಿಳಿದು ಬಿದಿರ ಗಳದಿಂದ ಮಡು ಕೆದಕಿದರು, ಹೆಂಗಸರು ಬಾವಿಗಳಲ್ಲಿ ಬಗ್ಗಿ ನೋಡಿದರು. ಮಧ್ಯಾಹ್ನದ ಬಸ್ಸಿಗೆ ಬಂದಿಳಿದ ನೀಲಗಂಗವ್ವ ಯಾರನ್ನೂ ಏನೂ ಕೇಳಲಿಲ್ಲ. ಕೈಚೀಲ ಅಲ್ಲೇ ಬಿಸಾಕಿ, ಕಲ್ಲು ಹತ್ತಿ ಕೂಗಿದಳು. ಮನೆಯ ಹಿಂದಿನ ಹುಲ್ಲಿನ ಬಣವೆಯ ಸಂದಿಯಿಂದ ಹೊನ್ನಿ ಎದ್ದು ಬಂದಳು, ತಲೆತುಂಬ ಹುಲ್ಲು, ಮುಖತುಂಬ ನಗು. ಬೆಳಗಿನಿಂದ ಅದೇ ಬಣವೆಯನ್ನು ಸುತ್ತಿಕೊಂಡು ಜನ ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಉಸಿರು ಬಂತೆಂದು ಎಲ್ಲರೂ ನಕ್ಕರು. ನೀಲಗಂಗವ್ವನಿಗೆ ನಗು ಬರಲಿಲ್ಲ. ನಾನೇ ಇಲ್ಲದ ದಿನ ಈ ಹುಡುಗಿ ಯಾರ ಕೂಗಿಗೆ ಎದ್ದು ಬರುತ್ತಾಳೆ ಎಂಬ ಹೆದರಿಕೆ ಅವತ್ತು ಹೊಕ್ಕದ್ದು ಆಮೇಲೆ ಹೊರಗೆ ಹೋಗಲೇ ಇಲ್ಲ.

ಪರಿಮಳಾ ಅಕ್ಕೋರು ಆ ಊರಿಗೆ ಬಂದದ್ದು ತೊಂಬತ್ತೇಳರ ಸುಮಾರಿಗೆ. ಸಿರಸಿಯ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಆ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುವುದು ರೂಢಿ. ಇಡಗುಂದಿಯ ಹವ್ಯಕರ ಮನೆಯ ಹೆಣ್ಣು, ತೆಳ್ಳಗೆ, ಬೆಳ್ಳಗೆ, ಕಾಲಿಗೆ ಕ್ಯಾನ್ವಾಸ್ ಬೂಟು. ಬುದ್ಧಿಮಾಂದ್ಯ ಮಕ್ಕಳಿಗೆಂದು ಶನಿವಾರ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಓಟ, ಚೆಂಡಾಟ ಶುರುಮಾಡಿದ್ದರು. ಅಂಥ ಮಕ್ಕಳು ಎಲ್ಲೆಲ್ಲಿದ್ದಾರೆ ಎಂದು ಹಳ್ಳಿ ಹಳ್ಳಿ ತಿರುಗುತ್ತ ನೀಲಗಂಗವ್ವನ ಕಟ್ಟೆಯ ಮೇಲೆ ಕೂತಿದ್ದಾಗ ಸಂಜೆಯ ಕೂಗಿನ ಹೊತ್ತಾಯಿತು. ಗದ್ದೆಯ ಆಚೆ ತುದಿಯಿಂದ ಹೊನ್ನಿ ಓಡಿಬಂದದ್ದನ್ನು ನೋಡಿ ಅಕ್ಕೋರು ಕೈಯಲ್ಲಿದ್ದ ಚಹಾ ಮರೆತರು.

"ಎಂತಾ ಓಡ್ತು ಈ ಕೂಸು," ಎಂದು ತಮ್ಮಷ್ಟಕ್ಕೇ ಅಂದುಕೊಂಡು, ಆಮೇಲೆ ಇವಳ ಕಡೆ ತಿರುಗಿದರು. "ನೀಲಗಂಗವ್ವ, ಇವಳನ್ನ ಶನಿವಾರ ಸಿರ್ಸಿಗೆ ಕರ್ಕಂಡು ಬನ್ನಿ ಮಾರಾಯ್ರೆ."

"ಯಾಕ್ರಿ? ನಾಕು ಮಂದಿ ನಿಂತು ನಗಾಕೇನು?" ಎಂದಳು ನೀಲಗಂಗವ್ವ. "ಇಲ್ಲೇ ನಗತಾರ. ಅದಕ್ಕ ಬಸ್ಸಿನಾಗ ಕರಕೊಂಡು ಹೋಗಬೇಕೇನು?"

ಅಕ್ಕೋರು ಸಿಟ್ಟಾಗಲಿಲ್ಲ. ಚಹಾ ಮುಗಿಸಿ, ಹೋಗಿಬರುತ್ತೇನೆಂದು ಎದ್ದುಹೋದರು. ಅವತ್ತು ಆ ಮಾತು ಅಲ್ಲಿಗೇ ಮುಗಿಯಿತು.

ಮುಂದೆ ಅವಳು ಸಿರಸಿಗೆ ಹೋದಳಲ್ಲ, ಅದು ಆಟದ ಆಸೆಯಿಂದ ಅಲ್ಲ. ಹೇಳಬಾರದು, ಆದರೆ ಹೇಳದೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ. ಶರಣನಿಗೆ ಹಾವೇರಿ ಕಡೆಯ ಒಂದು ಸಂಬಂಧ ಬಂದಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಶನಿವಾರ ಬರುತ್ತೇವೆಂದು ಹೇಳಿಕಳಿಸಿದರು. ಹಿಂದೆ ಒಂದು ಸಂಬಂಧ ಹೊನ್ನಿಯನ್ನು ನೋಡಿದ ಮೇಲೆ ಮುರಿದುಬಿದ್ದಿತ್ತು, ಮನೆತನದಲ್ಲೇ ಏನೋ ದೋಷವಿದೆ ಎಂದು.

"ಹುಡುಗೀನ ಅವತ್ತೊಂದಿನ ಮೇವಿನ ಕೋಣ್ಯಾಗ ಇಡು," ಎಂದ ಅಂದಾನಪ್ಪ. "ಸಾವಿರ ಸುಳ್ಳ ಹೇಳಿ ಒಂದು ಮದುವಿ ಮಾಡು ಅಂತಾರ. ನಾವು ಒಂದು ಹೇಳಿದ್ರ ಸಾಕು."

ಬಾಗಿಲು ಹಾಕಿದರೆ ಹೊನ್ನಿ ಹೇಗೆ ಬಡಿದುಕೊಳ್ಳುತ್ತಾಳೆಂದು ತಾಯಿಗೆ ಗೊತ್ತಿತ್ತು. ಅವಳ ಕರುಳು ಒಪ್ಪಲಿಲ್ಲ. ಹಾಗೆಂದು ಮಗನ ಮದುವೆ ಕೆಡಿಸುವ ಧೈರ್ಯವೂ ಇರಲಿಲ್ಲ. ಕಡೆಗೆ ಆ ಶನಿವಾರ ಬೆಳಗಿನ ಬಸ್ಸಿಗೆ ಹೊನ್ನಿಯನ್ನು ಕರೆದುಕೊಂಡು ಸಿರಸಿಗೆ ಹೊರಟುಬಿಟ್ಟಳು. ಹುಡುಗನ ತಾಯಿ ಎಲ್ಲಿ ಎಂದು ಬೀಗರು ಕೇಳಿದರಂತೆ. ಹೊಟ್ಟೆನೋವು, ದವಾಖಾನೆಗೆ ಹೋಗಿದ್ದಾಳೆ ಎಂದು ಅಂದಾನಪ್ಪ ಹೇಳಿದ. ಮಗಳ ಸುದ್ದಿ ಯಾರೂ ಎತ್ತಲಿಲ್ಲ, ಸಂಬಂಧ ಕುದುರಿತು.

ಇತ್ತ ಮೈದಾನದಲ್ಲಿ ನೀಲಗಂಗವ್ವ ಸೆರಗು ಬಿಗಿಹಿಡಿದು ಒಂದು ಮೂಲೆಯಲ್ಲಿ ನಿಂತಿದ್ದಳು. ಅವಳು ಅಂದುಕೊಂಡ ಹಾಗೆ ಅಲ್ಲಿ ಯಾರೂ ನಗಲಿಲ್ಲ. ಅವಳಂಥ ತಾಯಂದಿರೇ ಇದ್ದರು, ಯಲ್ಲಾಪುರದಿಂದ ಬಂದವರು, ಎಕ್ಕಂಬಿಯವರು, ತುರುಬು ಕಟ್ಟಿದವರು, ಬುರ್ಖಾ ಹಾಕಿದವರು. ಮಕ್ಕಳು ಒಂದು ಸುಣ್ಣದ ಗೆರೆಯಿಂದ ಹೊರಟು ಇನ್ನೊಂದು ಸುಣ್ಣದ ಗೆರೆಯತ್ತ ಓಡಬೇಕು. ಆ ಗೆರೆಯ ಆಚೆ ಒಬ್ಬೊಬ್ಬರಿಗೂ ಒಬ್ಬೊಬ್ಬರು ಕೈ ಚಾಚಿ ನಿಂತು ಕರೆಯಬೇಕು. ಅಕ್ಕೋರ ಪದ್ಧತಿ ಅದು: ಓಡುವವರಿಗೆ ಗೆಲ್ಲುವುದೆಂದರೇನು ಎಂದು ಗೊತ್ತಿಲ್ಲದಿರಬಹುದು, ಯಾರ ಹತ್ತಿರ ಹೋಗಬೇಕು ಎನ್ನುವುದು ಗೊತ್ತಿದ್ದರೆ ಸಾಕು. ನೀಲಗಂಗವ್ವನೂ ಹೋಗಿ ನಿಂತಳು, ಕೈ ಚಾಚಿದಳು, ಕೂಗಿದಳು. ಮೈದಾನದ ಕಾಗೆಗಳೆಲ್ಲ ಹಾರಿದವು. ಹೊನ್ನಿ ಎಲ್ಲರನ್ನೂ ಹಿಂದೆ ಹಾಕಿ ಬಂದವಳು, ಗೆರೆಯ ಮುಂದೆ ಗಕ್ಕನೆ ನಿಂತುಬಿಟ್ಟಳು. ಕೆಳಗೆ ನೋಡುತ್ತಾಳೆ, ಅವ್ವನನ್ನು ನೋಡುತ್ತಾಳೆ, ಕಾಲು ಎತ್ತುವುದಿಲ್ಲ. ಹಿಂದೆ ಇದ್ದವರೆಲ್ಲ ದಾಟಿ ಹೋದರು.

ಅಕ್ಕೋರಿಗೆ ಅರ್ಥವಾಗಲಿಲ್ಲ. ನೀಲಗಂಗವ್ವನಿಗೆ ಆಯಿತು. ಬೆಳಿಗ್ಗೆ ಬಾಗಿಲ ಮುಂದೆ ಹಾಕಿದ ರಂಗೋಲಿ ತುಳಿದರೆ ಹೊನ್ನಿಗೆ ಬೈಗುಳ ಬೀಳುತ್ತಿತ್ತು. ಬಿಳಿಯ ಗೆರೆ ಕಂಡರೆ ತುಳಿಯಬಾರದು ಎಂದು ತಾನೇ ವರ್ಷಾನುಗಟ್ಟಲೆ ಹೇಳಿ ಹೇಳಿ ಕಲಿಸಿದ್ದಳು. ಅವಳು ತಡಮಾಡಲಿಲ್ಲ. ಮುಂದೆ ಬಂದು ತನ್ನ ಬರಿಗಾಲಿನಿಂದಲೇ ಸುಣ್ಣವನ್ನು ಉಜ್ಜಿ ಅಳಿಸಿದಳು.

"ಇದು ರಂಗೋಲಿ ಅಲ್ಲ, ನಮ್ಮವ್ವ. ತುಳಿ. ತುಳದು ಬಾ."

ಹೊನ್ನಿ ತುಳಿದು ಬಂದಳು. ಎಲ್ಲರಿಗಿಂತ ಕಡೆಯವಳಾಗಿ ಬಂದು ಅವ್ವನ ಕುತ್ತಿಗೆಗೆ ಜೋತುಬಿದ್ದು ನಕ್ಕಳು. ಅವತ್ತು ಸಂಜೆ ಬಸ್ಸಿನಲ್ಲಿ ಕೂತಾಗ, ಮುಚ್ಚಿಡಲೆಂದು ಕರೆತಂದ ಮಗಳನ್ನು ಇಷ್ಟೊಂದು ಜನರ ನಡುವೆ ಓಡಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯೂ ಆಯಿತು, ಎಂದೂ ಇಲ್ಲದ ಸಂತೋಷವೂ ಆಯಿತು.

ಆಮೇಲೆ ಶನಿವಾರ ತಪ್ಪಲಿಲ್ಲ. ಮರುವರ್ಷ ಯಲ್ಲಾಪುರದಲ್ಲಿ ಮೂರು ತಾಲೂಕುಗಳ ಆಟೋಟ ನಡೆದಾಗ ಹೊನ್ನಿಯೇ ಮೊದಲು ಬಂದಳು. ಕೊರಳಿಗೆ ಹಾಕಿದ ಪದಕವನ್ನು ಸ್ನಾನಕ್ಕೂ ತೆಗೆಯಲಿಲ್ಲ, ಹುಲ್ಲು ಕೊಯ್ಯಲೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದಳು. ಪೆದ್ದಿ ಎನ್ನುತ್ತಿದ್ದವರು ಏನವ್ವ ಓಟಗಾರ್ತಿ ಎಂದು ಮಾತಾಡಿಸತೊಡಗಿದರು. ಬಾಯಿ ಅದೇ ನೋಡಿ, ಮಾತು ಮಾತ್ರ ಬೇರೆ.

ಶರಣನನ್ನು ಮದುವೆಯಾಗಿ ಬಂದ ಶಿಲ್ಪಾಗೆ ಹೊನ್ನಿ ಇದ್ದಾಳೆಂಬುದು ತಿಳಿದದ್ದು ಅಕ್ಷತೆ ಬಿದ್ದ ಮರುದಿನ. ಮದುವೆಯ ಗದ್ದಲದಲ್ಲಿ ಹೊನ್ನಿಯನ್ನು ನೀಲಗಂಗವ್ವನ ತವರಿಗೆ ಸಾಗಿಸಿದ್ದರು. ಶಿಲ್ಪಾ ಅಳಲಿಲ್ಲ, ಜಗಳ ತೆಗೆಯಲಿಲ್ಲ, ತವರಿಗೂ ಓಡಲಿಲ್ಲ. ಜಗಳವಾದರೆ ಮಾಡಿ ಮುಗಿಸಬಹುದಿತ್ತು. ಅವಳು ಹೊನ್ನಿಯನ್ನು ಮಾತಾಡಿಸುವುದನ್ನೇ ಇಟ್ಟುಕೊಳ್ಳಲಿಲ್ಲ. ತಾಟಿಗೆ ಬಡಿಸುವಳು, ಹರಿದ ಲಂಗ ಹೊಲಿದುಕೊಡುವಳು, ತಲೆಯಲ್ಲಿ ಹೇನಾದರೆ ಬಾಚುವಳು. ಹೆಸರು ಮಾತ್ರ ಬಾಯಿಂದ ಬರದು. ನೀಲಗಂಗವ್ವನಿಗೆ ಅದು ಬೆನ್ನಿಗೆ ಚುಚ್ಚಿದ ಮುಳ್ಳಾಗಿ ಉಳಿಯಿತು. ಕೈಗೆ ಸಿಗದು, ಮರೆಯಲೂ ಬಿಡದು.

ವರ್ಷಗಳು ಹೀಗೇ ಹೋದವು. ಆಮೇಲೆ ಬಂತು ಹೊಟ್ಟೆನೋವು. ಮೊದಮೊದಲು ಓಮಿನ ಕಷಾಯ ಕುಡಿದಳು, ಸಿರಸಿಯಲ್ಲಿ ಮಾತ್ರೆ ತಂದಳು. ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಗಡ್ಡೆ ಎಲ್ಲ ಕಡೆಗೂ ಹಬ್ಬಿತ್ತು. ಕೊಯ್ದರೂ ಉಪಯೋಗವಿಲ್ಲ ಎಂದು ಡಾಕ್ಟರು ಶರಣನನ್ನು ಬದಿಗೆ ಕರೆದು ಹೇಳಿದ್ದನ್ನು ಅವಳು ಬಾಗಿಲ ಸಂದಿಯಿಂದ ಕೇಳಿಸಿಕೊಂಡಳು. ಅವಳ ಮನಸ್ಸಿಗೆ ಮೊದಲು ಬಂದದ್ದು ಅಂದಾನಪ್ಪ ಅವತ್ತು ಹೇಳಿದ ಸುಳ್ಳು. ನನ್ನ ಹೆಸರಲ್ಲಿ ಹೊಟ್ಟೆನೋವು ಎಂದು ಹೇಳಿದ್ದಾಯಿತು, ಹೊಟ್ಟೆನೋವೇ ಬಂತು. ರೋಗಕ್ಕೆ ಹಾಗೆಲ್ಲ ಲೆಕ್ಕ ಇರುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕು? ಎರಡನೆಯದಾಗಿ ಬಂದದ್ದು ಹುಲ್ಲಿನ ಬಣವೆ.

ಆ ಶನಿವಾರ ಮೈದಾನದ ಕಟ್ಟೆಯ ಮೇಲೆ ಪರಿಮಳಾ ಅಕ್ಕೋರ ಪಕ್ಕ ಕೂತು ಅವಳು ನೆಟ್ಟಗೆ ಕೇಳಿದಳು. "ನಾ ಹೋದಮ್ಯಾಗ ಹೊನ್ನಿ ಯಾರ ಕೂಗಿಗೆ ಬರತಾಳ್ರಿ ಅಕ್ಕೋರ?"

ಅಕ್ಕೋರು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದರು. "ಬೇರೆಯವ್ರ ದನಿ ಕಲಿಸ್ಬೇಕು," ಎಂದರು ಕಡೆಗೆ. "ಕಲೀತಾಳೆ. ಆದ್ರೆ ಅವಳು ಕಲಿಯೂದಕ್ಕಿಂತ ಮುಂಚೆ ನೀವು ಒಂದು ಕಲೀಬೇಕು. ನೀವು ಕೂಗೂದು ನಿಲ್ಲಿಸ್ಬೇಕು. ಇಲ್ಲೂ ಕೂಗೂಕಾಗ, ಮನೇಲೂ ಕೂಗೂಕಾಗ."

ನೀಲಗಂಗವ್ವ ತಲೆಯಾಡಿಸಿದಳು. ಹೊಟ್ಟೆಯ ಗಡ್ಡೆಯ ಸುದ್ದಿ ಕೇಳಿದಾಗ ಬರದ ಕಣ್ಣೀರು ಆಗ ಬಂತು.

ಕೂಗಲು ಬೇರೆ ಯಾರಿದ್ದರು? ಶರಣ ದಿನವಿಡೀ ಗದ್ದೆ, ಶುಂಠಿ ಎಂದು ತಿರುಗುವವನು. ಮನೆಯಲ್ಲಿ ಇರುವವಳು ಶಿಲ್ಪಾ. ಮರುದಿನ ಶಿಲ್ಪಾ ರೊಟ್ಟಿ ಬಡಿಯುತ್ತಿದ್ದಾಗ ನೀಲಗಂಗವ್ವ ಒಲೆಯ ಹತ್ತಿರ ಬಂದು ಕೂತಳು. ಹೇಗೆ ಶುರುಮಾಡಬೇಕೋ ತಿಳಿಯದೆ ಒಲೆಯ ಕಟ್ಟಿಗೆ ಮುಂದೆ ತಳ್ಳಿದಳು, ಹಿಂದೆ ಎಳೆದಳು.

"ನಿನಗ ಸುಳ್ಳ ಹೇಳಿ ಈ ಮನಿಗಿ ತಂದೇವಿ, ಶಿಲ್ಪಾ."

"ಗೊತ್ತೈತ್ರಿ ಅತ್ತಿ," ಎಂದಳು ಶಿಲ್ಪಾ, ರೊಟ್ಟಿಯಿಂದ ಕಣ್ಣೆತ್ತದೆ.

"ನಿನ್ನ ಸಿಟ್ಟು ನನಗ ತಿಳೀತದ. ಅಂಥಾ ನಾದಿನಿ ಅದಾಳಂತ ಗೊತ್ತಿದ್ರ ನೀ ಬರತಿರಲಿಲ್ಲ."

ಶಿಲ್ಪಾಳ ಕೈ ನಿಂತಿತು. "ಬರತಿದ್ನೋ ಇಲ್ಲೋ, ಅದು ನನಗ ಗೊತ್ತಿಲ್ರಿ. ನನ್ನ ಯಾರೂ ಕೇಳಲಿಲ್ಲ. ಕೇಳಿದ್ರ ಹೂಂ ಅಂತಿದ್ನೇನೋ. ಕೇಳಲೇ ಇಲ್ಲ ನೋಡ್ರಿ, ಅದ ನನ್ನ ಸಿಟ್ಟು."

ಹಂಚಿನ ಮೇಲಿನ ರೊಟ್ಟಿ ಕರಕಲಾಗುತ್ತಿತ್ತು. ಇಬ್ಬರೂ ಅದನ್ನು ತೆಗೆಯಲಿಲ್ಲ.

"ಈಗ ಕೇಳಾಕತ್ತೀನಿ," ಎಂದಳು ನೀಲಗಂಗವ್ವ. "ನನ್ನ ಹಿಂದ ಹೊನ್ನೀನ ಕರದು ಉಣ್ಣಾಕ ಇಡತೀಯೇನವಾ? ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ನು. ನಾ ಏನೂ ಅನ್ನಂಗಿಲ್ಲ."

ಶಿಲ್ಪಾ ಕರಕಲು ರೊಟ್ಟಿಯನ್ನು ತೆಗೆದು ಬದಿಗಿಟ್ಟಳು. ಅತ್ತೆಯ ಮುಖವನ್ನು ನೋಡಿದಳು. ಆ ಮುಖ ಎಷ್ಟು ಇಳಿದುಹೋಗಿದೆ ಎಂದು ಅವಳು ಅಷ್ಟು ದಿನ ಗಮನಿಸಿಯೇ ಇರಲಿಲ್ಲ.

"ನನಗ ನಿಮ್ಮಂಗ ಕೂಗಾಕ ಬರಂಗಿಲ್ರಿ ಅತ್ತಿ," ಎಂದಳು ಮೆಲ್ಲಗೆ. "ಕಲಸ್ರಿ."

ಕಲಿಸುವುದೇನು ಸುಲಭವಾಗಿತ್ತೇ! ಸಿರಸಿಯ ಮೈದಾನದಲ್ಲಿ ಶಿಲ್ಪಾ ಗೆರೆಯ ಆಚೆ ನಿಂತು ಕೈ ಚಾಚಿದಳು, ಹೆಸರು ಮಾತ್ರ ಹಿಡಿಯದೆ ಅತ್ತೆಯ ಹಾಗೆ ಕೂ ಎಂದಳು. ದನಿ ಎರಡು ಮಾರು ದೂರಕ್ಕೂ ಹೋಗಲಿಲ್ಲ. ಹೊನ್ನಿ ಓಡಲಿಲ್ಲ. ಹೊರಡುವ ಗೆರೆಯ ಮೇಲೆ ಕಾಲು ಚಾಚಿ ಕೂತು, ಕತ್ತು ತಿರುಗಿಸಿ ತಿರುಗಿಸಿ ಅವ್ವನನ್ನು ಹುಡುಕಿದಳು. ಶಾಲೆಯ ಗೋಡೆಯ ಹಿಂದೆ ನಿಂತಿದ್ದ ನೀಲಗಂಗವ್ವ ಸೆರಗನ್ನು ಉಂಡೆಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಒಂದು ಸಲ ಕೂಗಿದರೆ ಸಾಕಿತ್ತು, ಮಗಳು ಹಾರಿ ಬರುತ್ತಿದ್ದಳು. ಕೂಗಲಿಲ್ಲ.

ಮನೆಯಲ್ಲಿ ಅದಕ್ಕಿಂತ ಕಷ್ಟ. ಸಂಜೆಯಾದರೆ ಹೊನ್ನಿ ಗದ್ದೆಯ ಆಚೆ ತುದಿಯಲ್ಲಿ ನಿಂತು ಮನೆಯತ್ತ ನೋಡುತ್ತಾಳೆ. ಕೂಗಿಗೆ ಕಾಯುತ್ತಾಳೆ. ಕಲ್ಲಿನ ಮೇಲೆ ನಿಂತು ಶಿಲ್ಪಾ ಕೂಗುತ್ತಾಳೆ, ಹೊನ್ನಿ ಅಲ್ಲಾಡುವುದಿಲ್ಲ. ಕಡೆಗೆ ಶರಣ ಹೋಗಿ ಕೈಹಿಡಿದು ಎಳೆದು ತರಬೇಕು. ಬಂದವಳು ಅವ್ವನ ಮುಂದೆ ನಿಂತು ಅವಳ ಬಾಯಿಯನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದಳು, ದನಿ ಎಲ್ಲಿ ಹೋಯಿತು ಎನ್ನುವ ಹಾಗೆ. ಆ ಬೆರಳುಗಳನ್ನು ಹಿಡಿದುಕೊಂಡು ನೀಲಗಂಗವ್ವ ಎಷ್ಟು ಅತ್ತಳೋ, ಆ ಅಡುಗೆಮನೆಯ ಗೋಡೆಗೇ ಗೊತ್ತು. ಊರಿನವರು ಬೇರೆ ಶುರುಮಾಡಿದರು. ನೀಲಗಂಗವ್ವನಿಗೆ ಮಗಳು ಬೇಡವಾದಳು, ಸೊಸೆಯ ಕೊರಳಿಗೆ ಕಟ್ಟಿದಳು ಎಂದು. ಅಂದಾನಪ್ಪನಂತೂ, ಸೊಸೆ ಕಲ್ಲು ಹತ್ತಿ ಕೂಗುವುದು ಯಾವ ಮನೆತನದ ಲಕ್ಷಣ ಎಂದು ಕಟ್ಟೆಗೆ ಬಂದು ಕೇಳಿದ.

"ಹೊಟ್ಟಿನೋವು ಅಂತ ಸುಳ್ಳ ಹೇಳೂದು ಯಾವ ಮನೆತನದ ಲಕ್ಷಣ, ಭಾವ?" ಎಂದಳು ನೀಲಗಂಗವ್ವ. ಅವನು ಹೆಗಲ ವಲ್ಲಿ ಕೊಡವಿಕೊಂಡು ಎದ್ದುಹೋದ.

ತಪ್ಪು ಎಲ್ಲಿದೆಯೆಂದು ಹೇಳಿದವರು ಅಕ್ಕೋರು. "ಶಿಲ್ಪಾ, ನೀನು ನಿಮ್ಮತ್ತೆ ಥರ ಕೂಗ್ಬೇಡ ಮಾರಾಯ್ತಿ. ನಿನ್ನ ಥರ ಕರಿ. ನಿಂಗೆ ಹೆಂಗೆ ಬರ್ತದೋ ಹಂಗೆ." ತನ್ನ ಥರ ಎಂದರೆ ಯಾವುದು ಎಂದು ಶಿಲ್ಪಾಗೂ ಗೊತ್ತಿರಲಿಲ್ಲ. ಒಂದು ಶನಿವಾರ, ಉಳಿದ ಮಕ್ಕಳೆಲ್ಲ ಓಡಿ ಮುಗಿಸಿ ಬಿಸ್ಕತ್ತು ತಿನ್ನುತ್ತಿದ್ದರು, ಹೊನ್ನಿ ಗೆರೆಯ ಮೇಲೇ ಕೂತಿದ್ದಳು. ಶಿಲ್ಪಾಗೆ ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಗಂಟಲು ಹರಿದಿತ್ತು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಸಿಟ್ಟೋ ಅಳುವೋ, ಎಲ್ಲ ಒಟ್ಟಿಗೆ ಬಂತು.

"ಬಾರ ನಮ್ಮವ್ವ, ಹೊನ್ನವ್ವ. ನಾ ಎಷ್ಟಂತ ನಿಂದ್ರಲಿ ಇಲ್ಲಿ? ಬಾ. ಬಾರ ನನ್ನ ಬಂಗಾರ, ಉಣ್ಣೂಣು ಬಾ..."

ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು. ಹೊನ್ನಿ ಕತ್ತು ತಿರುಗಿಸಿದಳು. ಎದ್ದಳು. ಓಡಲಿಲ್ಲ, ಲಂಗ ಝಾಡಿಸಿಕೊಂಡು ನಡೆಯುತ್ತ ನಡೆಯುತ್ತ ಬಂದು ಶಿಲ್ಪಾಳ ಮುಂದೆ ನಿಂತು, "ಉಣ್ಣು," ಎಂದಳು. ಗೋಡೆಯ ಹಿಂದಿದ್ದ ನೀಲಗಂಗವ್ವ ಬಾಯಿಗೆ ತುರುಕಿದ್ದ ಸೆರಗನ್ನು ತೆಗೆದು ಕಣ್ಣೊರೆಸಿಕೊಂಡಳು.

ಆ ವರ್ಷದ ಮೂರು ತಾಲೂಕುಗಳ ಆಟೋಟ ಸಂಕ್ರಾಂತಿ ಕಳೆದ ಮೇಲೆ ಸಿದ್ದಾಪುರದಲ್ಲಿ. ನೀಲಗಂಗವ್ವನಿಗೆ ಅಷ್ಟು ಹೊತ್ತಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಬೇಡ ಎಂದು ಶರಣ ಬೇಡಿಕೊಂಡರೂ ಕೇಳದೆ, ಮಗಳಿಗೆ ಕಾಣದ ಹಾಗೆ ಬೇರೆ ಬಸ್ಸಿನಲ್ಲಿ ಅವನ ಭುಜ ಹಿಡಿದುಕೊಂಡು ಬಂದಳು. ಮೈದಾನದ ಬದಿಗೆ ಚಹಾದವರು ಕಟ್ಟಿದ್ದ ತಾಡಪಾಲಿನ ಮರೆಯಲ್ಲಿ ಕೂತಳು. ಓಟದ ಹಾದಿ ಅವಳ ಎದುರಿಗೇ ಹೋಗುತ್ತಿತ್ತು. ದೂರದ ಗೆರೆಯ ಆಚೆ ಶಿಲ್ಪಾ ನಿಂತಿದ್ದಳು. ಮನೆಯಲ್ಲಿ ಕರೆದರೆ ನಡೆದು ಬರುವುದು ಬೇರೆ, ಇಷ್ಟು ಜನ, ಇಷ್ಟು ಗದ್ದಲದ ನಡುವೆ ಆ ಒಂದು ದನಿಯನ್ನು ಹಿಡಿದು ಹೋಗುವುದು ಬೇರೆ. ಇವತ್ತು ಹೋದಳೆಂದರೆ ಇನ್ನೆಲ್ಲಿಗೂ ಹೋಗುತ್ತಾಳೆ. ನೀಲಗಂಗವ್ವ ಬಂದದ್ದು ಅದನ್ನೊಂದು ಕಣ್ಣಾರೆ ನೋಡಲಿಕ್ಕೆ.

ಅಕ್ಕೋರು ಚಪ್ಪಾಳೆ ತಟ್ಟಿದರು, ಮಕ್ಕಳು ಹೊರಟರು. ಹೊನ್ನಿಯೂ ಹೊರಟಳು. ಅರ್ಧ ಹಾದಿ ಬಂದವಳು, ತಾಡಪಾಲಿನ ಎದುರಿಗೇ, ತಟ್ಟನೆ ನಿಂತಳು. ಏನು ಕಂಡಳೋ, ಏನು ನೆನಪಾಯಿತೋ. ಸುತ್ತ ನೋಡತೊಡಗಿದಳು. ಕೈಯಳತೆಯಲ್ಲಿ ಎನ್ನುವಷ್ಟು ಹತ್ತಿರ ನಿಂತಿದ್ದಳು ಮಗಳು. ಬೆವರಿಗೆ ಅಂಟಿದ ಮುಂಗೂದಲು, ನಡುಗುವ ಕೆಳತುಟಿ, ಎಲ್ಲ ಕಾಣುತ್ತಿತ್ತು. ನೀಲಗಂಗವ್ವನ ಹೊಟ್ಟೆಯ ಆಳದಿಂದ ಆ ಕೂಗು ತಾನಾಗಿಯೇ ಎದ್ದು ಗಂಟಲಿಗೆ ಬಂತು. ಒಂದೇ ಒಂದು ಸಲ ಕೂಗಿಬಿಡುತ್ತೇನೆ, ಒಂದೇ ಸಲ ಬಂದು ಅಪ್ಪಿಕೊಳ್ಳಲಿ, ಇನ್ನೆಷ್ಟು ದಿನ ಇದ್ದೇನೆ ನಾನು ಎನ್ನಿಸಿತು ಅವಳಿಗೆ.

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಅವಳ ಅವ್ವ ಹೇಳಿಕೊಟ್ಟ ಮಾತು, ಊರಲ್ಲಿ ಎಲ್ಲರೂ ಪಾಲಿಸುವ ಮಾತು. ಗಂಡ ಸಂತೆಗೆ ಹೊರಟಾಗ ಚೀಲ ಮರೆತಿದ್ದರೂ ಹಿಂದಿನಿಂದ ಕೂಗದೆ ಓಡಿಹೋಗಿ ಮುಂದೆ ನಿಂತು ಕೊಟ್ಟವಳು ಅವಳು. ಬಾಯಿಯ ಮೇಲೆ ಎರಡೂ ಕೈ ಒತ್ತಿಕೊಂಡಳು.

"ಹೊನ್ನವ್ವಾ, ಬಾರ ನನ್ನ ಬಂಗಾರ..."

ದೂರದಿಂದ ಶಿಲ್ಪಾಳ ದನಿ ಬಂತು, ತೆಳ್ಳಗೆ, ಆದರೆ ಗಟ್ಟಿಯಾಗಿ. ಹೊನ್ನಿಯ ಮುಖ ಅರಳಿತು. ಲಂಗ ಮುದ್ದೆ ಮಾಡಿ ಹಿಡಿದಳು, ಓಡಿದಳು, ಸುಣ್ಣದ ಗೆರೆಯನ್ನು ತುಳಿದು ದಾಟಿ ಅತ್ತಿಗೆಯ ತೋಳಿಗೆ ಹೋಗಿ ಬಿದ್ದಳು. ಎಲ್ಲರಿಗಿಂತ ಕಡೆಯವಳು. ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

"ನೋಡಿದ್ಯಾ ಅವ್ವ, ಹೋದಳು," ಎಂದ ಶರಣ.

"ಹೋದಳು," ಎಂದಳು ನೀಲಗಂಗವ್ವ. ಬೇಕಾದದ್ದು ಅದೇ ಆಗಿತ್ತು. ಆದರೂ ಇನ್ನು ನನ್ನ ಅಗತ್ಯವಿಲ್ಲ ಎಂದು ಗೊತ್ತಾದ ದುಃಖ ಇದೆಯಲ್ಲ, ಅದು ಗಡ್ಡೆಯ ನೋವಿಗಿಂತ ದೊಡ್ಡದಾಗಿತ್ತು. ತಾಡಪಾಲಿನ ಗಳಕ್ಕೆ ಹಣೆ ಒತ್ತಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಚಹಾದವನು ಪಾಪ, ನೀರು ತಂದುಕೊಟ್ಟ.

ಶಿವರಾತ್ರಿಗೆ ಮುಂಚೆಯೇ ನೀಲಗಂಗವ್ವ ತೀರಿಕೊಂಡಳು. ಅವರ ಕುಲದಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೀಯಿಸಿ, ಹಣೆತುಂಬ ವಿಭೂತಿ ಬಳಿದು, ಹೊಸ ಸೀರೆ ಉಡಿಸಿ, ವಿಮಾನವೆಂದು ಕರೆಯುವ ಹೂವಿನ ಮಂಟಪದಲ್ಲಿ ಕೂರಿಸಿ, ಭಜನೆ ಹೇಳುತ್ತ ಹೊತ್ತುಕೊಂಡು ಹೊರಟರು. ಹೊನ್ನಿ ಬೆಳಗಿನಿಂದ ಗಲಾಟೆ ಮಾಡಿರಲಿಲ್ಲ. ಕೊರಳಲ್ಲಿ ಪದಕ ಹಾಕಿಕೊಂಡು ಕಂಬಕ್ಕೆ ಒರಗಿ ಕೂತು, ಅವ್ವ ಕೂತಿದ್ದಾಳಲ್ಲ, ಎಚ್ಚರವಾಗಿದ್ದಾಳಲ್ಲ ಎಂದು ನೋಡುತ್ತಿದ್ದಳೋ ಏನೋ. ವಿಮಾನ ಅಂಗಳ ದಾಟಿ ಗದ್ದೆಯ ಹಾದಿಗೆ ಇಳಿದಾಗ ಅವಳು ಎದ್ದಳು. ಯಾರೂ ಗಮನಿಸಲಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದಳು.

"ಅವ್ವಾ, ಕೂ..."

ನೀಲಗಂಗವ್ವನದೇ ದನಿ. ಅದೇ ಎಳೆತ, ಅದೇ ತ್ರಾಣ. ಭಜನೆ ನಿಂತಿತು. ಹೊತ್ತವರು ನಿಂತರು, ಅಂದಾನಪ್ಪನ ಕೈಯ ಊದುಬತ್ತಿ ಕೆಳಗೆ ಬಿತ್ತು. ಹೊರಟವರನ್ನು ಹಿಂದಿನಿಂದ ಕರೆಯಬಾರದು ಎಂದು ಹೊನ್ನಿಗೆ ಯಾರೂ ಕಲಿಸಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ, ಕೂಗಿದರೆ ಓಡಿಬರುತ್ತಾರೆ. ಕೂಗಿ ಮುಗಿಸಿ, ಗೆರೆಯ ಆಚೆ ನಿಂತವರು ಮಾಡುವ ಹಾಗೆಯೇ ಎರಡೂ ತೋಳುಗಳನ್ನು ಅಗಲವಾಗಿ ಚಾಚಿ, ನಗುತ್ತ, ಕಾದಳು.

ಶರಣ ಮುಖ ತಿರುಗಿಸಿಕೊಂಡು ಹೊತ್ತವರಿಗೆ ಕೈಸನ್ನೆ ಮಾಡಿದ. ವಿಮಾನ ಮೆಲ್ಲಗೆ ಮುಂದೆ ಹೋಯಿತು, ಗದ್ದೆಯ ಬದುವಿನ ಮೇಲೆ ಸಣ್ಣದಾಗುತ್ತ ಹೋಯಿತು. ಹೊನ್ನಿಯ ತೋಳುಗಳು ಚಾಚಿಯೇ ಇದ್ದವು. ನಗು ಮಾತ್ರ ನಿಧಾನವಾ‌ಗಿ ಇಳಿಯಿತು.

ಆಗ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಶಿಲ್ಪಾ ಕಣ್ಣೊರೆಸಿಕೊಂಡು ಕರೆದಳು. "ಹೊನ್ನವ್ವಾ, ಬಾರ ನನ್ನ ಬಂಗಾರ."

ಹೊನ್ನಿ ಇನ್ನೊಂದು ಸಲ ಗದ್ದೆಯ ಕಡೆ ನೋಡಿದಳು. ಆಮೇಲೆ ತೋಳು ಇಳಿಸಿದಳು, ಕಲ್ಲಿನಿಂದ ಇಳಿದಳು. ಅವತ್ತು ಅವಳು ಓಡಲಿಲ್ಲ, ನಡೆದುಕೊಂಡು ಬಂದಳು.